ಮರಸೇಬಿನ ಭರಣಿಯೂ ಮುಂಬಯಿಯ ಕಾಯಿದೆಯೂ



ಮಳೆಗಾಲ ಮುಗಿಯುತ್ತ ಬಂದ ಹಾಗೆ ವಸ್ತ್ರಾಪುರದ ಹಣ್ಣಿನ ಗಾಡಿಗಳ ಮೇಲೆ ಕಾಶ್ಮೀರದ ನಾಸಪತಿ ಕಾಣಿಸುತ್ತದೆ. ಅದೇ ನಮ್ಮ ಮರಸೇಬು; ಬೆಂಗಳೂರಿನ ಹಳಬರಿಗೆ ಬೇರಿಕಾಯಿ. ನೀವು ಕೊಡಗಿನವರೋ ಮಂಗಳೂರಿನ ಕಡೆಯವರೋ ಆಗಿದ್ದು ಊರಲ್ಲೇ ಇದ್ದಿದ್ದರೆ, ಎರಡು ಕಿಲೋ ಹೆಚ್ಚಿಗೆ ಕೊಂಡು ಭರಣಿಗೆ ಹಾಕೋಣವೇ ಎನಿಸುತ್ತಿತ್ತು. ಹಣ್ಣು ಜಜ್ಜಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಸೇರಿಸಿ, ಬಾಯಿಗೆ ಬಟ್ಟೆ ಕಟ್ಟಿ ಮೂರು ವಾರ ಇಟ್ಟು ಸೋಸಿದರೆ ಮನೆಯ ವೈನ್. ಗುಜರಾತಿನಲ್ಲಿ ಇದು ಆಗದ ಮಾತು. ಯಾಕೆ ಎಂದು ಕೇಳಿದರೆ "ಗಾಂಧೀಜಿಯ ನಾಡಲ್ಲವೇ" ಎಂದು ಹೇಳಿ ಮುಗಿಸಿಬಿಡುತ್ತೇವೆ. ಕತೆ ಅಷ್ಟು ಚಿಕ್ಕದಲ್ಲ. ಅದರಲ್ಲಿ ನಮ್ಮ ಧಾರವಾಡವೂ ಇದೆ.

ಮರಸೇಬಿನ ವೈನ್ ಹೊಸ ಶೋಕಿಯೇನಲ್ಲ. ರೋಮಿನ ಪ್ಲಿನಿ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಅದನ್ನು ಹೆಸರಿಸಿದ್ದಾನೆ. ಇಂಗ್ಲೆಂಡಿನ ಪಶ್ಚಿಮ ಭಾಗದ ರೈತರ ಮನೆಗಳಲ್ಲಿ ಅದಕ್ಕೆ 'ಪೆರಿ' ಎಂದು ಹೆಸರು. ಈ ಹಣ್ಣಿನಲ್ಲಿ ಸಾರ್ಬಿಟಾಲ್ ಎಂಬ ಒಂದು ಸಿಹಿ ಇದೆ. ಯೀಸ್ಟ್‌ಗೆ ಅದು ದಕ್ಕುವುದಿಲ್ಲ, ಆದ್ದರಿಂದ ಹುದುಗು ಬಂದು ಮುಗಿದ ಮೇಲೂ ನಾಲಿಗೆಗೆ ತುಸು ಸಿಹಿ ಉಳಿಯುತ್ತದೆ.

ದಕ್ಷಿಣ ಗುಜರಾತಿನ ಆದಿವಾಸಿಗಳ ಮನೆಯಲ್ಲೂ ಇಂಥ ಮಡಕೆ ಇತ್ತು. ಅವರದು ಮಹುವಾ, ಅಂದರೆ ನಮ್ಮ ಹಿಪ್ಪೆಯ ಹೂವು. ಅದನ್ನು ಕೊಳೆಹಾಕಿ ಭಟ್ಟಿ ಇಳಿಸುತ್ತಿದ್ದರು. ಈಚಲು, ತಾಳೆಯ ಹೆಂಡವೂ ಇತ್ತು. ದೇವರಿಗೂ ಅದೇ, ಮದುವೆಗೂ ಅದೇ. ಈ ಮಡಕೆಯ ಬಾಯಿಗೆ ಮೊದಲು ಬೀಗ ಹಾಕಿದ್ದು ಗಾಂಧೀಜಿಯಲ್ಲ, ಬ್ರಿಟಿಷರು. 1878ರ ಮುಂಬಯಿ ಅಬಕಾರಿ ಕಾಯಿದೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದನ್ನು ಅಪರಾಧ ಮಾಡಿತು. ಕುಡಿತ ಬಿಡಿಸುವ ಆಸೆ ಅದಕ್ಕಿರಲಿಲ್ಲ, ಬೊಕ್ಕಸ ತುಂಬಬೇಕಿತ್ತು. ಮನೆಯಲ್ಲಿ ಮಾಡಿದರೆ ಕಳ್ಳಮಾಲು, ಗುತ್ತಿಗೆದಾರನ ಅಂಗಡಿಯಲ್ಲಿ ಕೊಂಡರೆ ಸರಿ! ಸೂರತ್ ಜಿಲ್ಲೆಯಲ್ಲಿ ಅಂಗಡಿಗಳು ಬಹುಮಟ್ಟಿಗೆ ಪಾರ್ಸಿ ಸಾಹುಕಾರರ ಕೈಯಲ್ಲಿದ್ದವು. ಸಾಲ ಮಾಡಿ ಕುಡಿದವರ ಹೊಲ ಮೆಲ್ಲಗೆ ಅಂಗಡಿಯವನ ಹೆಸರಿಗೆ ಹೋಗುತ್ತಿತ್ತು.

1922ರ ಕೊನೆಯಲ್ಲಿ ಅಲ್ಲಿ ಒಂದು ವಿಚಿತ್ರ ನಡೆಯಿತು. ಸಲಾಬಾಯಿ ಎಂಬ ದೇವಿ ಊರಿಂದೂರಿಗೆ ಬಂದಳು. ಮೈದುಂಬಿದವರ ಬಾಯಲ್ಲಿ ಅವಳ ಅಪ್ಪಣೆ: ಹೆಂಡ ಬಿಡಿ, ಮಾಂಸ ಬಿಡಿ, ದಿನಾ ಸ್ನಾನ ಮಾಡಿ, ಪಾರ್ಸಿ ಸಾಹುಕಾರನ ಕೆಲಸಕ್ಕೆ ಹೋಗಬೇಡಿ. ಸಾವಿರಾರು ಜನ ಪಾಲಿಸಿದರು. ಕಾಂಗ್ರೆಸ್ಸಿನವರು ಬಂದದ್ದು ಆಮೇಲೆ. ಇತಿಹಾಸಕಾರ ಡೇವಿಡ್ ಹಾರ್ಡಿಮನ್ 1987ರಲ್ಲಿ ಇದರ ಮೇಲೆ ಒಂದು ಇಡೀ ಪುಸ್ತಕ ಬರೆದರು. ಪಾನನಿಷೇಧವೆಂದರೆ ಮೇಲಿನವರು ಹೇರಿದ್ದು ಎಂದಷ್ಟೇ ನಂಬಿದವರಿಗೆ ಈ ಘಟನೆ ಸುಲಭವಾಗಿ ಜೀರ್ಣವಾಗುವುದಿಲ್ಲ.

ಮೇಲಿನಿಂದ ಬಂದದ್ದೂ ನಿಜವೇ. 1938ರಲ್ಲಿ ಬಿ.ಜಿ. ಖೇರ್ ಅವರ ಮಂತ್ರಿಮಂಡಲ ಅಹಮದಾಬಾದಿನಲ್ಲಿ ದಾರೂಬಂಧಿಯನ್ನು ಜಾರಿಗೆ ತಂದು ನೋಡಿತು. ಸ್ವಾತಂತ್ರ್ಯದ ಮೇಲೆ 1949ರಲ್ಲಿ ಮುಂಬಯಿ ಪಾನನಿಷೇಧ ಕಾಯಿದೆ ಬಂತು. ಅಮೆರಿಕದವರು 1920ರಿಂದ 1933ರವರೆಗೆ ಮದ್ಯ ನಿಲ್ಲಿಸಿದಾಗ ಮನೆಬಳಕೆಯ ಹಣ್ಣಿನ ರಸಕ್ಕೆ ಕಾಯಿದೆಯಲ್ಲೇ ಒಂದು ಸಂದು ಬಿಟ್ಟಿದ್ದರು. ಮುಂಬಯಿಯವರು ಅದನ್ನೂ ಬಿಡಲಿಲ್ಲ.

ಈಗ ಧಾರವಾಡದ ಮಾತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಆಗ ಮುಂಬಯಿ ರಾಜ್ಯದಲ್ಲಿದ್ದವು. ನೀವು ಆ ಕಡೆಯವರಾದರೆ ನಿಮ್ಮ ಅಜ್ಜನೂ ಅಹಮದಾಬಾದಿನ ಗಿರಣಿ ಕಾರ್ಮಿಕನೂ ಒಂದೇ ಕಾಯಿದೆಗೆ ಒಳಪಟ್ಟವರು. ಮಂಗಳೂರಿನವರಿಗೂ ಬಿಡುಗಡೆ ಇರಲಿಲ್ಲ, ಅವರಿಗೆ ಮದರಾಸಿನ ಪಾನನಿಷೇಧ. 1956ರಲ್ಲಿ ಎಲ್ಲರೂ ಮೈಸೂರು ರಾಜ್ಯಕ್ಕೆ ಸೇರಿದರು. 1967ರಲ್ಲಿ ಅಲ್ಲಿ ನಿಷೇಧ ಸಡಿಲಾಯಿತು. ಇಲ್ಲಿ ಗುಜರಾತ್ 1960ರಲ್ಲಿ ಹುಟ್ಟುವಾಗಲೇ ಆ ಕಾಯಿದೆಯನ್ನು ಇಟ್ಟುಕೊಂಡಿತು. 2011ರಲ್ಲಿ ಹೆಸರಿನಿಂದ ಮುಂಬಯಿ ಹೋಗಿ ಗುಜರಾತ್ ಬಂತು. 2017ರ ತಿದ್ದುಪಡಿಯ ಪ್ರಕಾರ ಮದ್ಯ ತಯಾರಿಸಿದವರಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿಯವರೆಗೆ ದಂಡ. ಮನೆಗೆಂದು ಮಾಡಿದ ಒಂದು ಭರಣಿ ಎಂದರೆ ರಿಯಾಯಿತಿ ಇಲ್ಲ. ಹಾಗೆಂದು ಊರಲ್ಲಿ ಎಲ್ಲ ಮುಕ್ತ ಎಂದುಕೊಳ್ಳಬೇಡಿ. ಕರ್ನಾಟಕದ 1965ರ ಅಬಕಾರಿ ಕಾಯಿದೆಯೂ ತಯಾರಿಕೆಗೆ ಪರವಾನಗಿ ಕೇಳುತ್ತದೆ. ಕ್ರಿಸ್ಮಸ್ ಭರಣಿಯನ್ನು ಯಾರೂ ಇಣುಕಿ ನೋಡುವುದಿಲ್ಲ, ಅಷ್ಟೇ.

ಈ ಕಾಯಿದೆಯ ವಿರುದ್ಧ ಎಫ್.ಎನ್. ಬಲ್ಸಾರಾ ಎಂಬವರು ಕೋರ್ಟಿಗೆ ಹೋಗಿದ್ದರು. 1951ರಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು, ಆದರೆ ಮದ್ಯಸಾರವಿರುವ ಔಷಧ, ಸುಗಂಧದ್ರವ್ಯಗಳನ್ನು ತಡೆಯುವುದು ಸರಿಯಲ್ಲ ಎಂದಿತು. ಮುಂದಿನ ಸಲ ಆಯುರ್ವೇದದ ಅಂಗಡಿಗೆ ಹೋದಾಗ ದ್ರಾಕ್ಷಾಸವದ ಸೀಸೆಯ ಚೀಟಿ ಓದಿ. ದ್ರಾಕ್ಷಿ, ಸಿಹಿ, ಹುದುಗು ಬರಲು ಧಾತಕಿ ಹೂವು. ಜೊತೆಗೆ ತಾನಾಗಿ ಹುಟ್ಟಿದ ಮದ್ಯಸಾರ ಇಷ್ಟು ಎಂದು ಬರೆದಿರುತ್ತದೆ. ಅದು ಔಷಧ.

ಹಾಗಾಗಿ ನಾಸಪತಿ ತಂದರೆ ತಿನ್ನಿ, ಮುರಬ್ಬ ಮಾಡಿ. ರಸ ತೆಗೆದಿರೋ, ಫ್ರಿಜ್ಜಿನಲ್ಲಿಡಿ. ಅಹಮದಾಬಾದಿನ ಸೆಕೆಯಲ್ಲಿ ಎರಡು ದಿನ ಹೊರಗಿಟ್ಟರೆ ಅದು ಯಾರ ಕಾಯಿದೆಯನ್ನೂ ಕೇಳದೆ ನೊರೆ ಕಟ್ಟಲು ಶುರುಮಾಡುತ್ತದೆ.