ಚೆಕ್ ಮೆಮೊ, ಬಿಲ್, ಕರಾರಿನಲ್ಲಿ ಬರೋ ಇಂಗ್ಲಿಷ್ ನುಡಿಗಟ್ಟು: ಪದಕ್ಕೆ ಪದ ಓದಿದ್ರೆ ನಷ್ಟ, ಅಸಲಿ ಅರ್ಥ ಇಲ್ಲಿದೆ

ಗಾಜನೂರು: ತೀರ್ಥಹಳ್ಳಿ ರಸ್ತೆಯ ಸಣ್ಣ ಅಂಗಡಿಗೂ ಈಗ ಕಂಪನಿಯ ಬಿಲ್, ಬ್ಯಾಂಕಿನ ಮೆಮೊ, ಲಾರಿ ರಸೀದಿ ಎಲ್ಲಾ ಇಂಗ್ಲಿಷ್‌ನಲ್ಲೇ ಬರುತ್ತವೆ. ಒಂದೊಂದು ಪದ ಗೊತ್ತಿದ್ರೂ ಕೆಲವು ಸಾಲು ಅರ್ಥ ಆಗಲ್ಲ. ಕಾರಣ, ಅವು ನುಡಿಗಟ್ಟುಗಳು. ‘ಹೊಟ್ಟೆಗೆ ಹಾಕ್ಕೊಳ್ಳಿ’ ಅಂದ್ರೆ ಊಟ ಮಾಡಿ ಅಂತಲ್ಲ, ಕ್ಷಮಿಸಿ ಅಂತ. ಹಾಗೆಯೇ ಇವೂ. ವ್ಯತ್ಯಾಸ ಏನೆಂದರೆ, ಇಲ್ಲಿ ತಪ್ಪಿದರೆ ದುಡ್ಡು ಹೋಗುತ್ತೆ.

ಮೊದಲು ಚೆಕ್ ವಿಚಾರ. ಗಿರಾಕಿ ಕೊಟ್ಟ ಚೆಕ್ ವಾಪಸ್ ಬಂದಾಗ ಬ್ಯಾಂಕ್ ಮೆಮೊದಲ್ಲಿ ಕೆಲವೊಮ್ಮೆ ‘ರೆಫರ್ ಟು ಡ್ರಾಯರ್’ ಅಂತ ಇರುತ್ತೆ. ಡ್ರಾಯರ್ ಅಂದ್ರೆ ಗಲ್ಲಾದ ಡ್ರಾಯರ್ ಅಲ್ಲ, ಚೆಕ್‌ಗೆ ಸಹಿ ಹಾಕಿದವರು. ‘ಸಹಿ ಹಾಕಿದವರನ್ನೇ ಕೇಳಿ’ ಅನ್ನೋದು ಅಕ್ಷರಾರ್ಥ. ಆದರೆ ಬ್ಯಾಂಕಿನವರ ಮಾತಿನಲ್ಲಿ ಇದು ‘ಖಾತೆಯಲ್ಲಿ ದುಡ್ಡಿಲ್ಲ’ ಅನ್ನೋದನ್ನ ಮರ್ಯಾದೆಯಿಂದ ಹೇಳುವ ರೀತಿ. ಬ್ಯಾಂಕೇ ಕೇಳೋಕೆ ಹೇಳಿದೆಯಲ್ಲಾ ಅಂತ ಗಿರಾಕಿ ಮನೆಗೆ ಅಲೆಯುತ್ತಾ ಕೂತರೆ ದಿನ ಕಳೆದುಹೋಗುತ್ತೆ. ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ಪ್ರಕಾರ, ಬ್ಯಾಂಕಿನಿಂದ ಮಾಹಿತಿ ಸಿಕ್ಕ 30 ದಿನದೊಳಗೆ ಹಣ ಕೇಳಿ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಸಿಕ್ಕ 15 ದಿನದೊಳಗೆ ಅವರು ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ‘ನಾಳೆ ಕೊಡ್ತೀನಿ’, ‘ಅಡಿಕೆ ಮಾರಿದ ಮೇಲೆ ಕೊಡ್ತೀನಿ’ ಅನ್ನೋ ಮಾತು ಕೇಳುತ್ತಾ ಈ 30 ದಿನ ಕಳೆದುಕೊಳ್ಳಬಾರದು. ಮೆಮೊ ಬಂದ ತಾರೀಖನ್ನು ಅದರ ಹಿಂದೆಯೇ ಬರೆದಿಟ್ಟುಕೊಳ್ಳುವುದು ಒಳ್ಳೇದು.

ಇನ್ನೊಂದು ‘ವಿದೌಟ್ ಪ್ರೆಜುಡಿಸ್’. ಬಾಕಿ ಜಗಳದಲ್ಲಿ ಬರುವ ಪತ್ರದ ತಲೆಯ ಮೇಲೆ ಇದು ಇರುತ್ತೆ. ನಿಘಂಟು ನೋಡಿದರೆ ‘ಪೂರ್ವಗ್ರಹ ಇಲ್ಲದೆ’ ಅಂತ ಸಿಗುತ್ತೆ, ಆದರೆ ಇಲ್ಲಿ ಆ ಅರ್ಥ ಹೊಂದಲ್ಲ. ‘ನಮ್ಮ ಹಕ್ಕಿಗೆ ಧಕ್ಕೆ ಆಗದ ಹಾಗೆ ಹೇಳ್ತಿದ್ದೇವೆ’ ಅನ್ನೋದು ಇದರ ಭಾವ. ಅಂದರೆ, ‘ರಾಜಿಗಾಗಿ ಇಷ್ಟು ಕೊಡಲು ಸಿದ್ಧ’ ಅಂತ ಪತ್ರದಲ್ಲಿ ಬರೆದಿದ್ದರೂ, ರಾಜಿ ಮುರಿದರೆ ಅದನ್ನೇ ತಪ್ಪೊಪ್ಪಿಗೆ ಅಂತ ಕೋರ್ಟಿನಲ್ಲಿ ತೋರಿಸೋದು ಕಷ್ಟ. ಇಂಥ ಪತ್ರ ಕೈಗೆ ಬಂತು ಅಂತ ಗೆದ್ದಂತೆ ಅಲ್ಲ.

ಹರಾಜು, ಸೈಟು, ಲಾರಿ

ಬ್ಯಾಂಕುಗಳು ಸಾಲದ ಆಸ್ತಿ ಹರಾಜು ಹಾಕುವಾಗ ಪೇಪರ್‌ನಲ್ಲಿ ‘ಆ್ಯಸ್ ಈಸ್ ವೇರ್ ಈಸ್’ ಅಂತ ಪ್ರಕಟಿಸುತ್ತವೆ. ಇದ್ದಲ್ಲಿ, ಇದ್ದ ಹಾಗೆ ಅಂತ ಅರ್ಥ. ಕೇಳೋಕೆ ಸರಳ. ಆದರೆ ಒಳಗೆ ಬಾಡಿಗೆದಾರರು ಇದ್ದರೂ, ಕಂದಾಯ ಬಾಕಿ ಇದ್ದರೂ, ಪಕ್ಕದವರ ಜೊತೆ ಗಡಿ ತಕರಾರು ಇದ್ದರೂ ತಲೆನೋವು ಕೊಂಡವರದ್ದು. ನೀರಲ್ಲಿರೋ ಎಮ್ಮೆಗೆ ದಡದಲ್ಲಿ ನಿಂತು ವ್ಯಾಪಾರ ಮಾಡಿದ ಹಾಗೆ. ಹರಾಜು ಕೂಗಿದ ಮೇಲೆ ಹಿಂದೆ ಸರಿಯೋದೂ ಸುಲಭ ಇಲ್ಲ. ಸರ್ಫೇಸಿ ನಿಯಮದಂತೆ ಶೇ. 25ರಷ್ಟು ಹಣವನ್ನು ಅದೇ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಬಾಕಿ ಹಣ ಗಡುವಿನೊಳಗೆ ಕಟ್ಟದಿದ್ದರೆ ಕಟ್ಟಿದ್ದೂ ಮುಟ್ಟುಗೋಲು. ದಾಖಲೆ ಪರಿಶೀಲನೆ ಏನಿದ್ದರೂ ಹರಾಜಿಗೆ ಮೊದಲೇ ಆಗಬೇಕು.

ಸೈಟಿನ ಕರಾರು ಪತ್ರದಲ್ಲಿ ‘ಟೈಮ್ ಈಸ್ ಆಫ್ ದಿ ಎಸೆನ್ಸ್’ ಅಂತ ಇದ್ದರೆ ‘ಸಮಯ ಅಮೂಲ್ಯ’ ಅನ್ನೋ ಬುದ್ಧಿಮಾತು ಅಂದುಕೊಳ್ಳಬೇಡಿ. ಹೇಳಿದ ತಾರೀಖೇ ಕರಾರಿನ ಜೀವಾಳ ಅಂತ ಅದರ ಅರ್ಥ. 1872ರ ಕರಾರು ಕಾಯ್ದೆಯ ಸೆಕ್ಷನ್ 55ರ ಪ್ರಕಾರ, ಅಂಥ ಕರಾರಿನಲ್ಲಿ ಒಬ್ಬರು ತಾರೀಖು ತಪ್ಪಿಸಿದರೆ ಇನ್ನೊಬ್ಬರು ಕರಾರನ್ನೇ ರದ್ದು ಮಾಡಬಹುದು. ಜಮೀನು, ಮನೆ ವ್ಯವಹಾರದಲ್ಲಿ ಸಾಮಾನ್ಯವಾಗಿ ಕೋರ್ಟುಗಳು ನಾಲ್ಕು ದಿನ ಹೆಚ್ಚು ಕಡಿಮೆಯನ್ನು ದೊಡ್ಡದು ಮಾಡಲ್ಲ. ಅದಕ್ಕೇ ಮಾರುವವರ ಕಡೆಯವರು ಈ ಸಾಲನ್ನು ಬೇಕಂತಲೇ ಸೇರಿಸುತ್ತಾರೆ. ಬ್ಯಾಂಕ್ ಸಾಲ ನಂಬಿಕೊಂಡು ಅಡ್ವಾನ್ಸ್ ಕೊಡೋರು ಸಹಿಗೆ ಮೊದಲು ಇದೊಂದನ್ನು ಹುಡುಕಬೇಕು.

ಮಳೆಗಾಲದ ನುಡಿಗಟ್ಟು ‘ಆ್ಯಕ್ಟ್ ಆಫ್ ಗಾಡ್’. ದೇವರ ಕೆಲಸ ಅಂದ್ರೆ ಇಲ್ಲಿ ಪ್ರವಾಹ, ಸಿಡಿಲು, ಭೂಕಂಪದಂಥ ವಿಕೋಪ. 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿ, ಇಂಥ ಕಾರಣದಿಂದ ಮಾಲು ಹಾಳಾದರೆ ಸಾಗಿಸಿದವರು ಹೊಣೆ ಅಲ್ಲ. ಆದರೆ ಅದೇ ಕಾಯ್ದೆ, ಎಚ್ಚರ ವಹಿಸಿದ್ದರೆ ನಷ್ಟ ತಪ್ಪಿಸಬಹುದಿತ್ತು ಅನ್ನೋ ಕಡೆ ಈ ನೆಪ ನಡೆಯಲ್ಲ ಅಂತಲೂ ಹೇಳುತ್ತೆ. ತುಂಗೆ ಉಕ್ಕಿ ಲಾರಿ ಮುಳುಗಿದರೆ ಅದು ದೇವರ ಕೆಲಸ. ಟಾರ್ಪಾಲ್ ಹೊದಿಸದೆ ಸಕ್ಕರೆ ಮೂಟೆ ನೆನೆದರೆ ಅದು ಲಾರಿಯವರ ಕೆಲಸ.

ಬಿಲ್ ಕೆಳಗೆ ‘ಇ ಆ್ಯಂಡ್ ಓ ಇ’ ಅಂತ ಸಣ್ಣಕ್ಷರ ಇರುತ್ತಲ್ಲ, ಅದು ‘ತಪ್ಪು, ಬಿಟ್ಟುಹೋದದ್ದು ಇದ್ದರೆ ಆಮೇಲೆ ಸರಿಪಡಿಸುತ್ತೇವೆ’ ಅನ್ನೋದರ ಗಿಡ್ಡ ರೂಪ ಅಷ್ಟೇ.

ಕೆಂಪು ಕೆಟ್ಟದ್ದು, ಕಪ್ಪು ಒಳ್ಳೇದು

ಅಡಿಕೆ ಮಂಡಿಯಲ್ಲಿ ಬಣ್ಣ ಕೆಂಪಗೆ ಕಂಡರೆ ಖುಷಿ. ಇಂಗ್ಲಿಷ್ ಲೆಕ್ಕದಲ್ಲಿ ಹಾಗಲ್ಲ. ನಷ್ಟವನ್ನು ಕೆಂಪು ಶಾಯಿಯಲ್ಲಿ ಬರೆಯೋ ರೂಢಿಯಿಂದ ‘ಇನ್ ದಿ ರೆಡ್’ ಅಂದ್ರೆ ನಷ್ಟದಲ್ಲಿದೆ, ‘ಇನ್ ದಿ ಬ್ಲ್ಯಾಕ್’ ಅಂದ್ರೆ ಲಾಭದಲ್ಲಿದೆ. ಕಂಪನಿಯವರು ‘ನಾವು ಬ್ಲ್ಯಾಕ್‌ನಲ್ಲಿದ್ದೇವೆ’ ಅಂದರೆ ಕಪ್ಪುಹಣದ ಮಾತಲ್ಲ. ‘ಬಾಟಮ್ ಲೈನ್’ ಅಂದ್ರೆ ಲಾಭ ನಷ್ಟದ ಪಟ್ಟಿಯ ಕೊನೇ ಸಾಲು, ಎಲ್ಲಾ ಕಳೆದು ಕೈಗೆ ಉಳಿದದ್ದು. ‘ಕುಕಿಂಗ್ ದಿ ಬುಕ್ಸ್’ ಮಾತ್ರ ಅಪಾಯದ ಮಾತು, ಸುಳ್ಳು ಲೆಕ್ಕ ಬರೆಯೋದು.

‘ವಾಟರ್ ಅಂಡರ್ ದಿ ಬ್ರಿಜ್’ ಅನ್ನೋದನ್ನ ನಮ್ಮ ಪತ್ರಿಕೆಗಳ ‘ಸೇತುವೆ ಕೆಳಗೆ ಸಾಕಷ್ಟು ನೀರು ಹರಿದಿದೆ’ ಜೊತೆ ಬೆರೆಸೋರು ಇದ್ದಾರೆ. ಎರಡನೆಯದರ ಅರ್ಥ, ಕಾಲ ಬದಲಾಗಿದೆ ಅಂತ. ಮೊದಲನೆಯದರ ಅರ್ಥ, ಆಗಿದ್ದು ಆಗಿ ಹೋಯ್ತು, ಬಿಟ್ಟುಬಿಡೋಣ ಅಂತ. ಹಳೇ ತಕರಾರಿನ ಬಗ್ಗೆ ಡೀಲರ್ ವಾಟ್ಸ್ಆ್ಯಪ್‌ನಲ್ಲಿ ಹಾಗೆ ಬರೆದರೆ ಆ ಮೆಸೇಜ್ ಡಿಲೀಟ್ ಮಾಡಬೇಡಿ.

ಕೈ ಮೂಗಿನ ಮಾತು ಇನ್ನೂ ಗೊಂದಲ. ‘ಗಿವ್ ಮಿ ಎ ಹ್ಯಾಂಡ್’ ಅಂದ್ರೆ ಸ್ವಲ್ಪ ಸಹಾಯ ಮಾಡಿ. ನಮ್ಮಲ್ಲಿ ‘ಹ್ಯಾಂಡ್ ಕೊಟ್ಟ’ ಅಂದ್ರೆ ನಂಬಿಸಿ ಬಿಟ್ಟು ಹೋದ! ‘ಪೇ ಥ್ರೂ ದಿ ನೋಸ್’ ಅಂದ್ರೆ ಬಾಯಿಗೆ ಬಂದ ಬೆಲೆ ತೆರೋದು. ಮೂಗಿಗೆ ತುಪ್ಪ ಸವರೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ‘ಒನ್ಸ್ ಇನ್ ಎ ಬ್ಲೂ ಮೂನ್’ ಅನ್ನೋದಕ್ಕೆ ‘ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಅಂತ ಹೇಳಿಕೊಡ್ತಾರೆ, ಭಾವ ಸರಿ. ಆದರೆ ಒಂದೇ ತಿಂಗಳಲ್ಲಿ ಬರುವ ಎರಡನೇ ಹುಣ್ಣಿಮೆಯನ್ನೇ ಬ್ಲೂ ಮೂನ್ ಅಂತ ಕರೆಯೋದು, ಅದು ಸುಮಾರು ಎರಡೂವರೆ ವರ್ಷಕ್ಕೊಮ್ಮೆ.

ಸಕ್ರೆಬೈಲಿನಲ್ಲಿ ಇಲ್ಲದ ಆನೆ

ಗಾಜನೂರಿನ ಪಕ್ಕದ ಸಕ್ರೆಬೈಲು ಬಿಡಾರದ ಆನೆಗಳು ಎಲ್ಲರಿಗೂ ಗೊತ್ತು. ‘ವೈಟ್ ಎಲಿಫೆಂಟ್’, ಕನ್ನಡದಲ್ಲೂ ‘ಬಿಳಿಯಾನೆ’ ಆಗಿರೋದು, ಹಿಂದಿನ ಸಯಾಮ್, ಅಂದರೆ ಈಗಿನ ಥಾಯ್ಲೆಂಡ್‌ನ ಕತೆಯಿಂದ. ಅಲ್ಲಿನ ರಾಜ ತನಗಾಗದವರಿಗೆ ಬಿಳಿಯಾನೆ ಉಡುಗೊರೆ ಕೊಡುತ್ತಿದ್ದನಂತೆ. ಪವಿತ್ರ ಪ್ರಾಣಿ, ಕೆಲಸಕ್ಕೆ ಹಚ್ಚುವಂತಿಲ್ಲ, ಮಾರುವಂತಿಲ್ಲ, ಮೇವು ಹಾಕಿಯೇ ಮನೆ ಮುಳುಗಬೇಕು. ಆಸೆಗೆ ಬಿದ್ದು ಎರಡನೇ ಫ್ರೀಜರ್ ತಂದು ಕರೆಂಟ್ ಬಿಲ್ ಕಟ್ಟುತ್ತಿರೋರಿಗೆ ಬೇರೆ ಉದಾಹರಣೆ ಬೇಡ. ‘ಎಲಿಫೆಂಟ್ ಇನ್ ದಿ ರೂಮ್’ ಬೇರೆ. ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿ ಬಿಡದ ವಿಚಾರ ಅದು. ಪಾಲುದಾರಿಕೆ ವ್ಯಾಪಾರದಲ್ಲಿ ಯಾರು ಎಷ್ಟು ಹಣ ತೆಗೆದುಕೊಂಡಿದ್ದಾರೆ ಅನ್ನೋ ಪ್ರಶ್ನೆ ಇದ್ದ ಹಾಗೆ.

ಕೊನೆಗೆ ನಮ್ಮದೇ ಇಂಗ್ಲಿಷ್. ಸರ್ಕಾರಿ ಅರ್ಜಿಯಲ್ಲಿ ‘ಡೂ ದಿ ನೀಡ್‌ಫುಲ್’ ಅಂದ್ರೆ ಅಗತ್ಯ ಕ್ರಮ ಕೈಗೊಳ್ಳಿ ಅಂತ. ಇಲ್ಲಿನ ಕಚೇರಿಗಳಲ್ಲಿ ನಡೆಯುತ್ತೆ, ಹೊರದೇಶದವರಿಗೆ ವಿಚಿತ್ರ ಅನಿಸುತ್ತೆ. ‘ಔಟ್ ಆಫ್ ಸ್ಟೇಷನ್’ ಅನ್ನೋದೂ ಹಾಗೇ. ಬ್ರಿಟಿಷರ ಕಾಲದಲ್ಲಿ ಅಧಿಕಾರಿಗಳು ಇರುತ್ತಿದ್ದ ಊರಿಗೆ ಸ್ಟೇಷನ್ ಅನ್ನುತ್ತಿದ್ದರು, ಆ ಮಾತು ನಮ್ಮಲ್ಲೇ ಉಳಿದುಕೊಂಡಿದೆ. ವಿದೇಶದಲ್ಲಿರೋ ಗಿರಾಕಿಗೆ ಅದನ್ನು ಬರೆದರೆ ರೈಲ್ವೆ ಸ್ಟೇಷನ್ ಅಂದುಕೊಂಡಾರು. ಊರಲ್ಲಿಲ್ಲ, ಇಂಥ ದಿನ ಬರ್ತೀನಿ ಅಂತ ಬಿಡಿಸಿ ಬರೆದರೆ ಸಾಕು.