ಪೀಣ್ಯದ ಅರಿಸಿನ

ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿ ತುಮಕೂರು ರಸ್ತೆಗೆ ಹೊಂದಿಕೊಂಡಿರುವ ಪೀಣ್ಯವೆಂದೊಡನೆ ಲೇತುಗಳೂ ಅಚ್ಚುಗಳೂ ಕಬ್ಬಿಣದ ಚೂರುಗಳೂ ಕಣ್ಣಿಗೆ ಕಟ್ಟುವುದು ಸಹಜವೇ ಸರಿ. ಅಡಿಗೆಮನೆಯ ಅರಿಸಿನ ಮೆಣಸುಗಳ ಸತ್ತ್ವವನ್ನು ಕಡಲಾಚೆಗೆ ಮಾರತಕ್ಕ ಉದ್ಯಮವೊಂದರ ನೆಲೆಯೂ ಅಲ್ಲಿಯೇ ಇರುವುದೆಂಬುದನ್ನು ಬಲ್ಲವರು ಕಡಮೆ. ವೈದ್ಯರು ಬರೆದುಕೊಟ್ಟ ಗುಳಿಗೆಗೆ ಬದಲಾಗಿ ಆಹಾರದ ಸಾರವನ್ನೇ ಸೇವಿಸಿ ರೋಗವನ್ನು ನೀಗಿಕೊಳ್ಳಬಹುದೆಂಬ ನಂಬಿಕೆ ಈಗ ಅನೇಕ ವಿದ್ಯಾವಂತರ ಮನೆಗಳಲ್ಲಿ ಬೇರೂರಿದೆ. ಆ ನಂಬಿಕೆಯ ಚರಿತ್ರೆಯಲ್ಲಿ ಮೈಸೂರಿಗೂ ಬೆಂಗಳೂರಿಗೂ ಸೇರತಕ್ಕ ಒಂದು ಅಧ್ಯಾಯವುಂಟು. ಅದು ವಿಚಾರಾರ್ಹವಾದುದು.

ಸಂಸ್ಕೃತ ನಿಘಂಟುಕಾರರು ರಾತ್ರಿಯ ಹೆಸರುಗಳನ್ನೆಲ್ಲ ಅರಿಸಿನಕ್ಕೂ ಕೊಟ್ಟಿದ್ದಾರೆ. ನಿಶಾ ಎಂದರೂ ಅರಿಸಿನವೇ, ರಜನೀ ಎಂದರೂ ಅರಿಸಿನವೇ. ಇಷ್ಟು ಹೊಳೆಯುವ ವಸ್ತುವಿಗೆ ಕತ್ತಲೆಯ ಹೆಸರೇಕೆಂದು ಪಾಠಶಾಲೆಯ ಹುಡುಗರು ಕೇಳದೆ ಬಿಡುವುದಿಲ್ಲ. ವಾಗ್ಭಟನು ಪ್ರಮೇಹಕ್ಕೆ ಅರಿಸಿನವನ್ನು ನೆಲ್ಲಿಯೊಡನೆ ವಿಧಿಸಿದನು. ಶುಂಠಿ, ಹಿಪ್ಪಲಿ, ಮೆಣಸು ಈ ಮೂರೂ ಕೂಡಿದ ತ್ರಿಕಟುವು ಅಸಂಖ್ಯ ಯೋಗಗಳಲ್ಲಿ ಸೇರಿಕೊಂಡಿದೆ. ಒಂದು ದ್ರವ್ಯವು ಮತ್ತೊಂದರ ಗುಣವನ್ನು ಹೊತ್ತು ಒಯ್ದು ಹೆಚ್ಚಿಸುವುದನ್ನು ವೈದ್ಯರು ‘ಯೋಗವಾಹಿ’ ಎಂಬ ಮಾತಿನಿಂದ ಹೇಳುತ್ತ ಬಂದರು. ಆದರೆ ಮಾತ್ರೆ, ಕಾಲ, ರೋಗಿಯ ಅಗ್ನಿಬಲ ಇವನ್ನು ನೋಡದೆ ಅವರು ಯಾವುದನ್ನೂ ಕೊಡುತ್ತಿರಲಿಲ್ಲ. ಈಗ ಪ್ರಾಚೀನರ ಹೆಸರನ್ನು ಹೇಳಿ ಅರಿಸಿನದ ಗುಳಿಗೆಯನ್ನು ನುಂಗುವವರು ಆ ಗ್ರಂಥಗಳ ಈ ಅರ್ಧಭಾಗವನ್ನು ಮರೆತೇ ಬಿಟ್ಟಿರುವರೆಂದು ಹೇಳಬೇಕಾಗಿದೆ.

ಅರಿಸಿನದ ಹಳದಿಯ ದ್ರವ್ಯವನ್ನು ವೋಗೆಲ್ ಮತ್ತು ಪೆಲ್ಲೆತಿಯೇ ಎಂಬವರು 1815ರಲ್ಲಿ ಬೇರ್ಪಡಿಸಿ ಅದಕ್ಕೆ ಕರ್ಕ್ಯುಮಿನ್ ಎಂದು ಹೆಸರಿಟ್ಟರು. ಅದರ ರಚನೆಯು ಗೊತ್ತಾದುದು 1910ರಲ್ಲಿ. ನೂರು ಭಾಗ ಅರಿಸಿನದಲ್ಲಿ ಅದು ಸುಮಾರು ಮೂರು ಭಾಗ ಮಾತ್ರ ಇರುತ್ತದೆ. ನಮ್ಮ ನಾಡಿನಲ್ಲಿ ಇದರ ಪರಿಶೋಧನೆಯನ್ನು ಕೈಗೊಂಡ ಸ್ಥಳಗಳಲ್ಲಿ ಮುಖ್ಯವಾದುದು ಮೈಸೂರು. ಅಲ್ಲಿಯ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದವರು ಕೊಲೆಸ್ಟರಾಲ್ ಬೆರೆಸಿದ ಮೇವನ್ನು ಇಲಿಗಳಿಗೆ ತಿನ್ನಿಸಿ, ಅದರೊಡನೆ ಕರ್ಕ್ಯುಮಿನ್ ಕೊಟ್ಟರೆ ರಕ್ತದಲ್ಲಿಯೂ ಯಕೃತ್ತಿನಲ್ಲಿಯೂ ಆ ಜಿಡ್ಡು ತಗ್ಗುವುದೆಂಬುದನ್ನು 1970ರಲ್ಲಿ ಪ್ರಕಟಿಸಿದರು. ಇದು ಆಶಾದಾಯಕವಾದ ಮಾತು. ಆದರೆ ಅದೇ ಸಂಸ್ಥೆಯಿಂದ 1980ರಲ್ಲಿ ಹೊರಬಂದ ಮತ್ತೊಂದು ಲೇಖನವು, ಬಾಯಿಯ ಮೂಲಕ ಕೊಟ್ಟ ಕರ್ಕ್ಯುಮಿನ್ ಇಲಿಯ ರಕ್ತದಲ್ಲಿ ಲೇಶಮಾತ್ರವಾಗಿ ಕಾಣುವುದೇ ಕಷ್ಟವೆಂಬುದನ್ನು ತಿಳಿಸಿತು. ಒಳಹೊಕ್ಕ ಈ ವಸ್ತುವನ್ನು ಕರುಳೂ ಯಕೃತ್ತೂ ಗ್ಲುಕ್ಯುರಾನಿಕ್ ಆಮ್ಲದೊಡನೆ ಕೂಡಿಸಿ, ಬೇಡದ ಅತಿಥಿಯನ್ನು ಸಾಗಹಾಕುವಂತೆ ಬೇಗನೆ ಹೊರಕ್ಕೆ ಕಳುಹಿಸಿಬಿಡುತ್ತವೆ. ಸಾರಿನ ಅರಿಸಿನವು ತಲೆತಲಾಂತರದಿಂದ ನಿರಪಾಯವಾಗಿರುವುದಕ್ಕೆ ಇದೂ ಒಂದು ಕಾರಣವೆಂದು ಊಹಿಸಬಹುದಾಗಿದೆ.

ಇನ್ನು ಪೀಣ್ಯದ ಸಂಗತಿ. ಕೇರಳದಲ್ಲಿ ಹುಟ್ಟಿ ಅಮೆರಿಕದಲ್ಲಿ ಔಷಧಶಾಸ್ತ್ರದ ಉನ್ನತ ವ್ಯಾಸಂಗ ಮಾಡಿದ ಮುಹಮ್ಮದ್ ಮಜೀದ್ ಎಂಬವರು 1988ರಲ್ಲಿ ನ್ಯೂಜೆರ್ಸಿಯಲ್ಲಿ ಸಬಿನ್ಸಾ ಎಂಬ ಸಂಸ್ಥೆಯನ್ನೂ, 1991ರಲ್ಲಿ ಬೆಂಗಳೂರಿನಲ್ಲಿ ಸಾಮಿ ಲ್ಯಾಬ್ಸ್ ಎಂಬುದನ್ನೂ ಆರಂಭಿಸಿದರು. ಅರಿಸಿನವಲ್ಲದೆ, ನಮ್ಮ ರೈತರು ಮಕಂದಿ ಬೇರೆಂದು ಕರೆಯುವ ಗಿಡದ ಗೆಡ್ಡೆಯೂ, ಪಶ್ಚಿಮಘಟ್ಟಗಳ ಉಪ್ಪಾಗೆಯ ಹುಳಿಸಿಪ್ಪೆಯೂ ಅವರ ಕೈಯಲ್ಲಿ ಪುಡಿಯಾಗಿ ಹಡಗನ್ನೇರಿದವು. ಕಾಲವೂ ಅನುಕೂಲವಾಗಿ ಬಂದಿತು. 1994ರಲ್ಲಿ ಅಮೆರಿಕವು ಮಾಡಿದ ಕಾನೂನಿನ ಪ್ರಕಾರ ಇಂತಹ ವಸ್ತುಗಳನ್ನು ‘ಆಹಾರಪೂರಕ’ವೆಂದು ಮಾರತಕ್ಕವರು, ಔಷಧ ಮಾರುವವರಂತೆ, ಮಾರಾಟಕ್ಕೆ ಮೊದಲೇ ಗುಣವನ್ನು ಸರಕಾರಕ್ಕೆ ರುಜುವಾತುಪಡಿಸಬೇಕಾಗಿರಲಿಲ್ಲ. ಗಾಯ ಮಾಯಿಸುವ ಅರಿಸಿನದ ಗುಣಕ್ಕೆ 1995ರಲ್ಲಿ ಅಲ್ಲಿ ಪೇಟೆಂಟು ದೊರೆತು, ಭಾರತದ ವೈಜ್ಞಾನಿಕ ಮಂಡಲಿಯು ಸಂಸ್ಕೃತ ಗ್ರಂಥಗಳನ್ನೂ ಸಾಕ್ಷಿಗೆ ತಂದು 1997ರಲ್ಲಿ ಅದನ್ನು ರದ್ದುಪಡಿಸಿದುದು ಎಲ್ಲರಿಗೂ ತಿಳಿದೇ ಇದೆ.

ಅದರ ಮರುವರ್ಷ, 1998ರಲ್ಲಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರೂ ಮಜೀದರೂ ಕೂಡಿ ಒಂದು ಲೇಖನವನ್ನು ಪ್ರಕಟಿಸಿದರು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಅದು ಕಂಡೂ ಕಾಣದಂತಿತ್ತು. ಅದರೊಡನೆ ಮೆಣಸಿನ ಸತ್ತ್ವವಾದ ಪಿಪರೀನನ್ನು ಕೇವಲ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ದೊರೆಯುವ ಪ್ರಮಾಣವು ನೂರಕ್ಕೆ 2000ದಷ್ಟು ಹೆಚ್ಚಿತು. ಯೋಗವಾಹಿಯೆಂಬ ಹಳೆಯ ಮಾತಿಗೆ ಗಾಜಿನ ನಳಿಗೆಯಲ್ಲಿ ಸಾಕ್ಷಿ ದೊರೆತಂತಾಯಿತು. ಅಂದಿನಿಂದ ಲೋಕದಲ್ಲಿ ಅರಿಸಿನದ ಗುಳಿಗೆಗಳಿಗೆ ಮೆಣಸನ್ನು ಸೇರಿಸುವುದು ವಾಡಿಕೆಯಾಯಿತು.

ಈ ಅಂಕಿಯನ್ನು ಡಬ್ಬಿಗಳ ಮೇಲೆ ಅಚ್ಚುಹಾಕಿಸಿದವರು ಎರಡು ವಿಷಯಗಳನ್ನು ಬಿಟ್ಟುಬಿಟ್ಟರು. ಶೂನ್ಯಕ್ಕೆ ಸಮೀಪವಾದುದನ್ನು ಇಪ್ಪತ್ತು ಪಾಲು ಮಾಡಿದರೂ ಅದು ಅಲ್ಪವೇ ಆಗಿರಬಹುದು. ಆ ಏರಿಕೆಯಾದರೂ ಸುಮಾರು ಒಂದು ಗಂಟೆಯ ಹೊತ್ತಿನದು. ರಕ್ತವನ್ನು ಸೇರಿತೆಂದ ಮಾತ್ರಕ್ಕೆ ರೋಗವು ವಾಸಿಯಾಯಿತೆಂದು ಅರ್ಥವಲ್ಲ. ಉಪ್ಪಾಗೆಯ ಸತ್ತ್ವವು ಮೈತೂಕವನ್ನು ಇಳಿಸುವುದೆಂಬ ಪ್ರಚಾರವನ್ನು ನ್ಯೂಯಾರ್ಕಿನ ವೈದ್ಯರು ಅದೇ 1998ರಲ್ಲಿ 135 ಮಂದಿಯ ಮೇಲೆ ಹನ್ನೆರಡು ವಾರ ಪರೀಕ್ಷಿಸಿ, ಬರಿಯ ಹುಸಿಗುಳಿಗೆಗಿಂತ ಅದು ಮೇಲಲ್ಲವೆಂದು ಕಂಡುಕೊಂಡರು. ಎರಡನೆಯ ವಿಷಯವು ಇನ್ನೂ ಗಂಭೀರವಾದುದು. ಕರ್ಕ್ಯುಮಿನನ್ನು ಹೊರದೂಡುವ ದೇಹದ ಕಾವಲನ್ನು ಪಿಪರೀನು ತಡೆಯುವುದಷ್ಟೆ. ಆ ಕಾವಲು ಅರಿಸಿನವೊಂದಕ್ಕೇ ಮೀಸಲಾದುದಲ್ಲ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್ ಇವು ಕೂಡ ಪಿಪರೀನಿನ ಸಹವಾಸದಲ್ಲಿ ರಕ್ತದಲ್ಲಿ ಹೆಚ್ಚಿ ನಿಲ್ಲುವುದನ್ನು ಪರೀಕ್ಷಿಸಿ ನೋಡಿದ್ದಾರೆ. ಔಷಧದ ಬಲವನ್ನು ಪಡೆದ ಆಹಾರವು ಔಷಧದ ಅಪಾಯವನ್ನೂ ಪಡೆಯದಿರುವುದೆಂತು? ಮಧುಮೇಹದವನು ಗುಳಿಗೆಯನ್ನು ನಿಲ್ಲಿಸಿ ಅರಿಸಿನದ ಡಬ್ಬಿಯನ್ನು ತೆರೆದರೆ ಒಂದು ಬಗೆಯ ಕೇಡು. ಎರಡನ್ನೂ ಒಟ್ಟಿಗೆ ತೆಗೆದುಕೊಂಡು ವೈದ್ಯನಿಗೆ ಹೇಳದಿದ್ದರೆ ಮತ್ತೊಂದು ಬಗೆಯ ಕೇಡು.

ಸಕ್ಕರೆ ರೋಗವೇ ಮೊದಲಾದುವನ್ನು ಗುಣಪಡಿಸುವೆವೆಂದು ಜಾಹೀರಾತು ಕೊಡುವುದನ್ನು ಭಾರತದಲ್ಲಿ 1954ರ ಕಾನೂನು ನಿಷೇಧಿಸಿದೆ. ಇಂತಹ ಪೂರಕಾಹಾರದ ಡಬ್ಬಿಯ ಮೇಲೆ ಇದು ಔಷಧವಾಗಿ ಬಳಸತಕ್ಕುದಲ್ಲವೆಂದು ಮುದ್ರಿಸಬೇಕೆಂದು 2016ರ ನಿಯಮಗಳು ವಿಧಿಸಿವೆ. ಡಬ್ಬಿಯನ್ನು ಮಾರುವವರ ಬಾಯಿಮಾತಿಗೆ ಈ ನಿಯಮಗಳ ಅಂಕುಶವು ಎಷ್ಟುಮಟ್ಟಿಗೆ ತಗಲುವುದೆಂಬುದನ್ನು ವಾಚಕರೇ ಬಲ್ಲರು.

ಔಷಧಗಳಿಂದ ಯಕೃತ್ತಿಗಾಗುವ ಹಾನಿಯನ್ನು ದಾಖಲಿಸುವ ಅಮೆರಿಕದ ವೈದ್ಯಮಂಡಲಿಯೊಂದು 2004ರಿಂದ 2022ರ ವರೆಗಿನ ತನ್ನ ಕಡತಗಳಲ್ಲಿ ಅರಿಸಿನದ ಗುಳಿಗೆಗಳಿಂದ ಯಕೃತ್ತು ಕೆಟ್ಟ ಹತ್ತು ಮಂದಿಯನ್ನು ಗುರುತಿಸಿತು. ಅವರಲ್ಲಿ ಏಳು ಮಂದಿ ಒಂದೇ ಆನುವಂಶಿಕ ಲಕ್ಷಣವನ್ನು ಹೊತ್ತವರು. ಐವರು ಆಸ್ಪತ್ರೆಯನ್ನು ಸೇರಿದರು, ಒಬ್ಬರು ತೀರಿಕೊಂಡರು. ಅವರು ನುಂಗಿದ ಗುಳಿಗೆಗಳಲ್ಲಿ ಏಳು ಬಗೆಯವನ್ನು ತರಿಸಿ ಪರೀಕ್ಷಿಸಲಾಗಿ, ಎಲ್ಲದರಲ್ಲಿಯೂ ಅರಿಸಿನವು ನಿಜವಾಗಿಯೇ ಇದ್ದಿತು. ಮೂರರಲ್ಲಿ ಮೆಣಸಿನ ಸತ್ತ್ವವೂ ಸೇರಿದ್ದಿತು.