ಬಾಗಿಲು ಮುಚ್ಚಿದ ಗುಡಿಯ ನಾಣ್ಯ

ರೋಮಿನ ಜೇನಸ್ ದೇವರ ಗುಡಿಗೆ ಒಂದು ಪದ್ಧತಿ ಇತ್ತು. ಯುದ್ಧ ನಡೀತಿದ್ರೆ ಬಾಗಿಲು ತೆರೆದಿರೋದು, ಶಾಂತಿ ಬಂದ್ರೆ ಮುಚ್ಚೋದು. ಕ್ರಿ.ಶ. 65ರ ಸುಮಾರಿಗೆ ಚಕ್ರವರ್ತಿ ನೀರೋ ಆ ಮುಚ್ಚಿದ ಬಾಗಿಲನ್ನೇ ಹಿತ್ತಾಳೆ ನಾಣ್ಯದ ಮೇಲೆ ಅಚ್ಚು ಹಾಕಿಸಿದ. ಇವತ್ತಿಗೂ ಆ ಗುಡಿಯ ಅವಶೇಷ ಪತ್ತೆಯಾಗಿಲ್ಲ. ಅದರ ಚಿತ್ರ ಉಳಿದಿರೋದು ನಾಣ್ಯದಲ್ಲೇ. ಆದ್ರೆ ನಾಣ್ಯವನ್ನೂ ಪೂರ್ತಿ ನಂಬೋಹಾಗಿಲ್ಲ. ಜೂಲಿಯಸ್ ಸೀಸರನ ಗುಡಿ ಕ್ರಿ.ಪೂ. 36ರ ನಾಣ್ಯದಲ್ಲೇ ಇದೆ, ಪ್ರತಿಷ್ಠೆ ಆದದ್ದು ಮಾತ್ರ ಕ್ರಿ.ಪೂ. 29ರಲ್ಲಿ!

ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಉಳುವಾಗ ಹಳೇ ನಾಣ್ಯ ಸಿಕ್ರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಚ್ಚು ಹಾಳಾಗ್ತದೆ. ಸಂಗ್ರಹದವರಿಗೆ ಗುಟ್ಟಾಗಿ ಮಾರಿದ್ರೆ ಯಾವ ಹೊಲದ್ದು ಅನ್ನೋ ಗುರುತೇ ಅಳಿಸಿಹೋಗ್ತದೆ. ಕಾಯ್ದೆಯಂತೆ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.